ಅಕ್ಕನ ಹಗಲು ನಿದ್ದೆ

ಮೊನ್ನೆ ಯಶವಂತಪುರದ ಗ್ರಂಧಿಗೆ ಅಂಗಡಿಯಲ್ಲಿ ಏಲಕ್ಕಿ ತೂಗಿಸಿಕೊಳ್ಳುತ್ತ ನಿಂತಿದ್ದೆ. ಅಂಗಡಿಯವನು ಪಕ್ಕದ ಗಿರಾಕಿಗೆಂದು ಮೇಲಿನ ಸಾಲಿನಿಂದ ಒಂದು ತಗಡಿನ ಡಬ್ಬ ಇಳಿಸಿ ಮುಚ್ಚಳ ತೆಗೆದ. ಜಾಯಿಕಾಯಿಯ ವಾಸನೆ ಬಂತು. ಅದರ ಹಿಂದೆಯೇ ನನಗೆ ಆಕಳಿಕೆ ಬಂತು. ಕೈ ಅಡ್ಡ ಹಿಡಿಯುವುದಕ್ಕೂ ಪುರಸೊತ್ತು ಕೊಡದೆ, ಕಣ್ಣಲ್ಲಿ ನೀರು ತರಿಸುವಂಥ ಆಕಳಿಕೆ.

"ಯಾಕಮ್ಮ, ರಾತ್ರಿ ನಿದ್ದೆ ಇಲ್ವಾ?" ಎಂದು ಅಂಗಡಿಯವನು ಕೇಳಿದ.

ಇರಲಿಲ್ಲ, ನಿಜ. ಆದರೆ ಅಂಥದ್ದನ್ನು ಅಂಗಡಿಯ ಕಟ್ಟೆಯ ಮೇಲೆ ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ. "ಹಾಗೇನಿಲ್ಲ" ಎಂದು ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದೆ. ನಿಮಗಾದರೆ ಹೇಳಬಹುದು. ಜಾಯಿಕಾಯಿಯ ವಾಸನೆಗೆ ಆಕಳಿಸುವುದು ನನಗೆ ಪಿಯುಸಿ ಓದುತ್ತಿದ್ದಾಗ ಅಂಟಿಕೊಂಡ ಅಭ್ಯಾಸ. ಮುಂದೆ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ; ಈಗ ಹೆಬ್ಬಾಳದ ಕಡೆ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಆದರೂ ಈ ಆಕಳಿಕೆಗೆ ಶಾಸ್ತ್ರೀಯವಾದ ಕಾರಣ ಕೊಡಲಾರೆ. ಏಕೆಂದರೆ ಜಾಯಿಕಾಯಿಯನ್ನು ನಾನು ಕುಡಿದವಳೇ ಅಲ್ಲ. ಕುಡಿದವಳು ನನ್ನ ಅಕ್ಕ. ನಾನು ತೇದವಳು, ಅಷ್ಟೆ.

ಎಪ್ಪತ್ತರ ದಶಕದ ನಡುವಿನ ಮಾತು. ಆರ್.ಟಿ. ನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಅಕ್ಕ ವಿಮಲ ಮತ್ತು ನಾನು, ಇಷ್ಟು ಜನ ನಾವು. ಅಕ್ಕನಿಗೆ ಡಿಗ್ರಿ ಮುಗಿದ ವರ್ಷವೇ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತು. ಊರಿಂದೂರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಾಗಿದ್ದ ಕಾಲ ಅದು. ಎರಡೂರುಗಳ ನಡುವೆ ಕೂತು ತಂತಿಗೆ ತಂತಿ ಜೋಡಿಸಿ, ಮೂರು ನಿಮಿಷಕ್ಕೊಮ್ಮೆ ಹೊತ್ತಾಯಿತೆಂದು ಎಚ್ಚರಿಸುವವರಲ್ಲಿ ಅಕ್ಕನೂ ಒಬ್ಬಳಾದಳು. ಮೊದಮೊದಲು ಹಗಲು ಡ್ಯೂಟಿ ಇತ್ತು. ಆಮೇಲೆ ರಾತ್ರಿ ಪಾಳಿಗೆ ಹಾಕಿದರು. ರಾತ್ರಿ ದರ ಕಡಿಮೆಯಾದ್ದರಿಂದ ಊರಿನ ಜನರೆಲ್ಲ ತಮ್ಮ ಪ್ರೀತಿ, ಜಗಳ, ಸಾವಿನ ಸುದ್ದಿ ಎಲ್ಲವನ್ನೂ ರಾತ್ರಿಗೇ ಇಟ್ಟುಕೊಳ್ಳುತ್ತಿದ್ದರು.

ಅಕ್ಕ ಮನೆಯಲ್ಲಿ ಹೆಚ್ಚು ಮಾತಾಡುವವಳಲ್ಲ. ಆದರೆ ಕೆಲಸದ ಬಗ್ಗೆ ಕೇಳಿದರೆ ಮುಖವೇ ಬೇರೆಯಾಗುತ್ತಿತ್ತು. ಆಪರೇಟರುಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲವಂತೆ, ಊರಿನ ಹೆಸರಿನಿಂದ ಕರೆಯುತ್ತಾರಂತೆ. "ಹಲೋ ಹುಬ್ಳಿ" ಎಂದರೆ ಆ ಕಡೆಯವಳು "ಹೇಳು ಬೆಂಗ್ಳೂರು" ಎನ್ನುತ್ತಾಳೆ. ಹುಬ್ಬಳ್ಳಿ ಎಂಬ ಆ ಹುಡುಗಿಯನ್ನು ಅಕ್ಕ ಕಣ್ಣಿಂದ ನೋಡಿರಲಿಲ್ಲ. ಆದರೆ ಅವಳಿಗೆ ನೆಗಡಿಯಾದದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು. ಊರು ಬಿಟ್ಟು ಒಬ್ಬಳೇ ಎಲ್ಲಿಗೂ ಹೋಗಿ ಅಭ್ಯಾಸವಿಲ್ಲದ ಅಕ್ಕನನ್ನು, ಬರೀ ದನಿಯಿಂದ, ಇಡೀ ದೇಶವೇ 'ಬೆಂಗಳೂರು' ಎಂದು ಕರೆಯುತ್ತಿತ್ತು. ಅದು ಎಂಥ ಸುಖ ಎನ್ನುವುದು ನನಗೆ ಆಗ ಅರ್ಥವಾಗಿರಲಿಲ್ಲ.

ತೊಂದರೆ ಬೆಳಗಾದ ಮೇಲೆ ಶುರುವಾಗುತ್ತಿತ್ತು. ಇಲಾಖೆಯ ವ್ಯಾನು ಅವಳನ್ನು ಮುಖ್ಯರಸ್ತೆಯಲ್ಲಿ ಇಳಿಸಿ ಹೋಗುತ್ತಿತ್ತು. ಸ್ನಾನ, ತಿಂಡಿ ಮುಗಿಸಿ ಅವಳು ಹಾಸಿಗೆಗೆ ಹೋಗುವ ಹೊತ್ತಿಗೆ ಲೋಕವೆಲ್ಲ ಎದ್ದಿರುತ್ತಿತ್ತು. ಎಡಗಡೆಯ ಸೈಟಿನಲ್ಲಿ ಮನೆ ಏಳುತ್ತಿತ್ತು. ಅಲ್ಲಿ ಕಲ್ಲು ಒಡೆಯುವ ಸದ್ದು. ಬೀದಿಯಲ್ಲಿ ಸೊಪ್ಪಿನವಳು, ಹಳೇ ಪೇಪರಿನವನು, ಪಾತ್ರೆಗೆ ಕಲಾಯಿ ಹಾಕುವವನು. ಅಕ್ಕ ಕಿಟಕಿಗೆ ದುಪ್ಪಟಿ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ನಾನು ಕೋಣೆಯೊಳಗೆ ಇಣುಕಿದರೆ ಗೋಡೆಯ ಕಡೆಯಿಂದಲೇ "ಎದ್ದಿದೀನಿ ಕಣೆ, ಏನು?" ಎನ್ನುತ್ತಿದ್ದಳು. ಕೆಲವೇ ತಿಂಗಳಲ್ಲಿ ಅವಳ ರವಿಕೆಗಳೆಲ್ಲ ಸಡಿಲವಾದವು. ಕಣ್ಣ ಕೆಳಗೆ ಕಪ್ಪು ಬಂತು. ಒಂದು ಬೆಳಿಗ್ಗೆ ವ್ಯಾನಿನಿಂದ ಇಳಿದವಳು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಪಕ್ಕದ ಮನೆಯವರು ಕೈಹಿಡಿದು ಕರೆತಂದರು.

ಅಂದು ಸಂಜೆ ಅಪ್ಪ ಅವಳನ್ನು ಎದುರು ಕೂರಿಸಿಕೊಂಡರು. ಅವರು ಕೂಗಾಡುವವರಲ್ಲ. ಲೆಕ್ಕ ಬಿಡಿಸುವ ಹಾಗೆ ಮಾತಾಡುವವರು.

"ನೋಡು ವಿಮಲ, ಕೆಲಸ ಬೇಡ ಅಂತ ನಾನು ಅನ್ನಲ್ಲ. ಹಗಲು ನಿದ್ದೆ ಬಂದ್ರೆ ಕೆಲಸ ಇರ್ಲಿ. ಬರ್ಲಿಲ್ಲ ಅಂದ್ರೆ ರಾಜೀನಾಮೆ ಕೊಟ್ಬಿಡು. ಯುಗಾದಿವರೆಗೂ ನೋಡೋಣ."

"ಆಮೇಲೆ ನೀವು ಮಾತು ಬದಲಾಯಿಸ್ಬಾರ್ದು."

"ನಾನು ಬದಲಾಯಿಸಲ್ಲ. ನೀನೂ ಬದಲಾಯಿಸ್ಬಾರ್ದು."

ಹೀಗೆ ಅಕ್ಕನ ನೌಕರಿ ಅವಳ ನಿದ್ದೆಯ ಮೇಲೆ ನಿಂತಿತು. ನಿದ್ದೆಯ ಮೇಲೆ ಏನಾದರೂ ನಿಂತಿದೆ ಎಂದು ಗೊತ್ತಾದರೆ ಅದು ಇನ್ನಷ್ಟು ದೂರ ಓಡುತ್ತದೆ. ನಿಮಗೂ ಅನುಭವವಿರಬಹುದು.

ಅಜ್ಜಿ ಸೆರಗು ಸಿಕ್ಕಿಸಿ ನಿಂತಳು. ಅವಳ ಪ್ರಕಾರ ನಿದ್ದೆ ಎನ್ನುವುದು ತಲೆಯ ಕಾವಿನ ವಿಷಯ. ಕಾವು ಇಳಿಯಬೇಕು. ನಲ್ಲಿಯ ನೀರು ಹರಿದುಹೋಗುವ ಕಡೆ ಅವಳೇ ಬೆಳೆಸಿದ್ದ ಒಂದೆಲಗದ ಪಾತಿ ಇತ್ತು. ಅದನ್ನು ಕೊಯ್ದು, ರುಬ್ಬಿ, ಕೊಬ್ಬರಿ ಎಣ್ಣೆಗೆ ಹಾಕಿ, ಸದ್ದು ಅಡಗುವ ತನಕ ಕುದಿಸಿ ಹಸಿರು ಎಣ್ಣೆ ಮಾಡಿದಳು. ಬೆಳಿಗ್ಗೆ ಅಕ್ಕ ಬಂದ ಕೂಡಲೇ ನೆತ್ತಿಗೆ ಅದನ್ನು ತಟ್ಟುವುದು. ಅಂಗಾಲಿಗೆ ಹರಳೆಣ್ಣೆ ತಿಕ್ಕುವುದು. ಕೊನೆಗೆ ಜಾಯಿಕಾಯಿಯನ್ನು ಸಾಣೆಕಲ್ಲಿನ ಮೇಲೆ ಹಾಲಿನಲ್ಲಿ ತೇದು, ಆ ಗಂಧವನ್ನು ಬಿಸಿ ಹಾಲಿಗೆ ಕದಡಿ ಕುಡಿಸುವುದು. ತೇಯುವ ಕೆಲಸ ನನ್ನದು. ಪರೀಕ್ಷೆಗೆ ಓದಿಕೊಳ್ಳಲೆಂದು ನನಗೆ ರಜೆ ಕೊಟ್ಟಿದ್ದರು. ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ಜಾಯಿಕಾಯಿ. ಎಷ್ಟು ಸುತ್ತು ತೇಯಬೇಕು ಎಂದು ಕೇಳಿದರೆ ಅಜ್ಜಿ, "ಕೈಗೆ ಗೊತ್ತಾಗತ್ತೆ ಕಣೆ. ಜಾಸ್ತಿ ಆದ್ರೆ ತಲೆ ತಿರುಗತ್ತೆ, ಹುಷಾರು" ಎನ್ನುತ್ತಿದ್ದಳು. ನನ್ನ ಕೈಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಮೂಗಿಗೆ; ಅದರ ಫಲ ಮೊನ್ನೆ ಅಂಗಡಿಯಲ್ಲಿ ಕಂಡಿರಿ. ಆ ವರ್ಷ ರಸಾಯನಶಾಸ್ತ್ರದಲ್ಲಿ ನನಗೆ ಬಂದ ಅಂಕಗಳನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು.

ಬಲಗಡೆಯ ಮನೆಯಲ್ಲಿ ಗಂಗಕ್ಕ ಇದ್ದರು. ಗದಗಿನ ಕಡೆಯವರು, ಗಂಡ ಕಾರ್ಖಾನೆಯಲ್ಲಿದ್ದರು. ಅಕ್ಕನನ್ನು ಅವತ್ತು ಕೈಹಿಡಿದು ಕರೆತಂದವರೂ ಅವರೇ. ನಮ್ಮ ಮನೆಯ ಹಾಲಿನ ಲೋಟವನ್ನು ಒಮ್ಮೆ ನೋಡಿ ಅವರು ತಲೆಯಾಡಿಸಿದರು.

"ಆಕಳ ಹಾಲು ಕುಡದ್ರ ಎಲ್ಲಿ ನಿದ್ದಿ ಬರ್ತೈತ್ರೀ ಅಕ್ಕಾರ? ಎಮ್ಮೀ ನೋಡ್ರಿ, ನಿಂತಲ್ಲೇ ನಿದ್ದಿ ಮಾಡ್ತೈತಿ. ಅದರ ಹಾಲು ಕುಡಸ್ರಿ."

ಅಜ್ಜಿಗೆ ಈ ವಾದ ಒಪ್ಪಿಗೆಯಾಯಿತು. ಹೆಬ್ಬಾಳದ ಕಡೆಯಿಂದ ಮುನಿಯಪ್ಪ ಎಂಬವನು ಎಮ್ಮೆಯನ್ನೇ ಹೊಡೆದುಕೊಂಡು ಬಂದು, ಬಾಗಿಲ ಮುಂದೆ ಹಾಲು ಕರೆದು ಕೊಡುತ್ತಿದ್ದ. ನೀರು ಬೆರೆಸಿಲ್ಲ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೆ ಎಮ್ಮೆ ಬರುತ್ತಿದ್ದದ್ದು ಅಕ್ಕ ಆಗಷ್ಟೇ ಕಣ್ಣು ಮುಚ್ಚಿದ ಹೊತ್ತಿಗೆ. ಬಂದದ್ದು ಸುಮ್ಮನೆ ಬರುತ್ತಿರಲಿಲ್ಲ. ನಮ್ಮ ಗೇಟಿನ ಮುಂದೆ ನಿಂತು, ಕತ್ತು ಚಾಚಿ, ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ಒಳಗಿನಿಂದ ಅಕ್ಕ ನಿಟ್ಟುಸಿರು ಬಿಟ್ಟದ್ದು ಹೊರಗೆ ನಿಂತ ನನಗೂ ಕೇಳಿಸುತ್ತಿತ್ತು.

"ಒಳಗೆ ಮಲಗಿದಾರೆ ಮುನಿಯಪ್ಪ, ಸ್ವಲ್ಪ ಸುಮ್ಮನಿರಿಸು" ಎಂದೆ ಒಂದು ದಿನ.

"ನಾನೇನೋ ಸುಮ್ಕಿರ್ತೀನಿ ಅವ್ವ. ಅದುಕ್ಕೆ ಏನಂತ ಏಳ್ಲಿ?" ಎಂದ ಅವನು.

ನಿದ್ದೆಯ ಹಾಲು ತರುವ ಎಮ್ಮೆ ನಿದ್ದೆ ಕೆಡಿಸುವುದು ಒಂದು ಬಗೆಯಾದರೆ, ನಿದ್ದೆ ವಿಚಾರಿಸಲು ಬರುವವರದು ಇನ್ನೊಂದು. ಮೇಷ್ಟ್ರ ಮಗಳಿಗೆ ನಿದ್ದೆ ಬರುತ್ತಿಲ್ಲ ಎನ್ನುವುದು ಬೀದಿಗೆಲ್ಲ ಗೊತ್ತಾಗಿತ್ತು. ಹಿಂದಿನ ಬೀದಿಯವರೊಬ್ಬರು ಮಾಗಿದ ಬಾಳೆಹಣ್ಣಿಗೆ ಹುರಿದ ಜೀರಿಗೆಪುಡಿ ಸೇರಿಸಿ ತಿನ್ನಲು ಹೇಳಿ, ಹಣ್ಣು, ಪುಡಿ ಎರಡನ್ನೂ ತಾವೇ ತಂದರು. ಇನ್ನೊಬ್ಬರು ದಿಂಬಿಗೆ ಲಾವಂಚದ ಬೇರು ತುಂಬಿಸಿ ಕೊಟ್ಟರು. ಎಲ್ಲರೂ ಒಳ್ಳೆಯವರು. ಎಲ್ಲರೂ ಬರುತ್ತಿದ್ದದ್ದು ಮಾತ್ರ ಮನೆಗೆಲಸ ಮುಗಿಸಿ, ನಡುಬೆಳಿಗ್ಗೆ. ಬಂದು ಬಾಗಿಲು ತಟ್ಟಿ, "ಪಾಪ, ಮಲಗಿದಾಳಾ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಒಳಗಿನಿಂದ ಅಕ್ಕನೇ "ಇಲ್ಲ, ಬನ್ನಿ" ಎಂದು ಉತ್ತರ ಕೊಡುತ್ತಿದ್ದಳು. ಅಮ್ಮ ಕಾಫಿ ಮಾಡುತ್ತಿದ್ದಳು. ಔಷಧಿ ತಂದವರ ಎದುರಿಗೆ ರೋಗಿಯೂ ಕೂತು ಕಾಫಿ ಕುಡಿಯುತ್ತಿದ್ದಳು.

ಕೊನೆಗೆ ನಾನು ಕುರ್ಚಿ ಎತ್ತಿಕೊಂಡು ಹೋಗಿ ಗೇಟಿನ ಬಳಿಯೇ ಕೂತೆ. ಬಂದವರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸುವುದು, ಕೊಟ್ಟದ್ದನ್ನು ಇಸಿದುಕೊಳ್ಳುವುದು, ತಲೆಯಾಡಿಸಿ ಕಳಿಸುವುದು. ಮುಂದೆ ವಿಶ್ವವಿದ್ಯಾಲಯದಲ್ಲಿ ನನ್ನನ್ನು ಜಂಬದವಳು, ಮಾತೇ ಆಡುವುದಿಲ್ಲ ಎನ್ನುತ್ತಿದ್ದರು. ಅವರಿಗೆ ಈ ಗೇಟಿನ ಕತೆ ಗೊತ್ತಿರಲಿಲ್ಲ.

ಇದೆಲ್ಲದರ ನಡುವೆ ಅಮ್ಮನ ಮನಸ್ಸು ಬೇರೆ ಕಡೆ ಇತ್ತು. ನಿದ್ದೆ ಬರಲಿ ಎಂದು ಅವಳೂ ದೇವರಿಗೆ ಕೈಮುಗಿಯುತ್ತಿದ್ದಳು. ಆದರೆ ಬರದಿದ್ದರೆ ಕೆಲಸ ಬಿಡುತ್ತಾಳೆ, ಕೆಲಸ ಬಿಟ್ಟರೆ ಮದುವೆ ಸಲೀಸು ಎನ್ನುವ ಯೋಚನೆಯೂ ಇತ್ತು. ಯುಗಾದಿಗೆ ಇನ್ನೇನು ವಾರವಿದೆ ಎನ್ನುವಾಗ ತುಮಕೂರಿನ ಕಡೆಯಿಂದ ಒಂದು ಸಂಬಂಧ ಬಂತು. ಭಾನುವಾರ ಸಂಜೆ ಕಾಫಿ ಹೊತ್ತಿಗೆ ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿಕಳಿಸಿದರು. ಶನಿವಾರ ರಾತ್ರಿ ಅಕ್ಕನಿಗೆ ಡ್ಯೂಟಿ, ರಜೆ ಸಿಗಲಿಲ್ಲ. ಆ ವಾರವೆಲ್ಲ ಅವಳು ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಸೋತೆ ಎಂದು ಅವಳಿಗೂ ಅನಿಸಿರಬೇಕು. "ರಾಜೀನಾಮೆ ಹೇಗೆ ಬರೀಬೇಕು, ಇಂಗ್ಲಿಷಲ್ಲೇ ಬರೀಬೇಕಾ?" ಎಂದು ನನ್ನನ್ನು ಕೇಳಿದ್ದಳು.

ಭಾನುವಾರ ಬೆಳಿಗ್ಗೆ ಅವಳು ಬಂದಾಗ ಅಜ್ಜಿ ಎಂದಿನಂತೆ ನೆತ್ತಿಗೆ ಎಣ್ಣೆ ತಟ್ಟಿ, ಹಿಂದಿನ ದಿನ ಕಾಯಿಸಿಟ್ಟ ಎಮ್ಮೆ ಹಾಲಿನಲ್ಲಿ ಜಾಯಿಕಾಯಿ ಕೊಟ್ಟಳು. ತೇದವಳು ನಾನೇ. ಅತ್ತ ಅಡಿಗೆಮನೆಯಲ್ಲಿ ಅಮ್ಮ ಬರುವವರಿಗೆಂದು ಗಸಗಸೆ ಪಾಯಸ ಮಾಡಿ ಇಳಿಸಿದ್ದಳು. ಸ್ವಲ್ಪ ಹೊತ್ತಾದರೂ ಕಣ್ಣು ಮುಚ್ಚಿದರೆ ಸಂಜೆಗೆ ಮುಖ ಕಳೆಯಾಗಿರುತ್ತದೆ ಎಂದುಕೊಂಡು, ಅಜ್ಜಿ ಸ್ನಾನಕ್ಕೆ ಹೋದ ಸಮಯದಲ್ಲಿ ಅಕ್ಕನಿಗೆ ದೊಡ್ಡ ಲೋಟದ ತುಂಬ ಪಾಯಸ ಕೊಟ್ಟಳು. ಜಾಯಿಕಾಯಿಯ ಮೇಲೆ ಗಸಗಸೆ. ಅಜ್ಜಿಗೆ ಪಾಯಸದ ಸುಳಿವಿಲ್ಲ. ಭಾನುವಾರವಾದ್ದರಿಂದ ಪಕ್ಕದ ಸೈಟಿನಲ್ಲಿ ಕಲ್ಲು ಒಡೆಯುವವರೂ ಬಂದಿರಲಿಲ್ಲ.

ಸಂಜೆ ಬರಬೇಕಾದವರು ನಡುಮಧ್ಯಾಹ್ನವೇ ಬಂದು ಗೇಟಿನ ಮುಂದೆ ನಿಂತರು: ಹುಡುಗ, ಅವನ ತಾಯಿ, ಸೋದರಮಾವ. ಸೋದರಮಾವ ಶಲ್ಯ ಸರಿಮಾಡಿಕೊಳ್ಳುತ್ತ, "ಭಾನುವಾರ ಸಂಜೆ ರಾಹುಕಾಲ ಅನ್ನೋದು ಮರೆತೇಹೋಗಿತ್ತು ನೋಡಿ. ಅದಕ್ಕೇ ಬೇಗ ಬಂದ್ಬಿಟ್ವಿ" ಎಂದರು. ನಾನು ಅಭ್ಯಾಸಬಲದಿಂದ ತುಟಿಯ ಮೇಲೆ ಬೆರಳಿಟ್ಟೆ. ಅವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ಅಮ್ಮ ಅಕ್ಕನ ಕೋಣೆಗೆ ಓಡಿದಳು. ಭುಜ ಹಿಡಿದು ಅಲ್ಲಾಡಿಸಿದಳು. ಅಕ್ಕ ಮಗ್ಗುಲು ಕೂಡ ಬದಲಾಯಿಸಲಿಲ್ಲ. ಬಾಯಿ ತುಸು ತೆರೆದಿತ್ತು. ನಾನು ಅಷ್ಟು ದಿನದಲ್ಲಿ ಅವಳ ಬೆನ್ನನ್ನಷ್ಟೇ ನೋಡಿದ್ದೆ. ಅಂದು ಅವಳು ಅಂಗಾತ ಮಲಗಿದ್ದಳು, ಮಗುವಿನ ಹಾಗೆ ಎರಡೂ ಕೈ ಚೆಲ್ಲಿ.

ಅಪ್ಪ ಬಂದು ಬಾಗಿಲಲ್ಲಿ ನಿಂತರು. ಅವಳನ್ನು ನೋಡಿದರು. "ನಿಜವಾಗಿ ಮಲಗಿದಾಳಾ?" ಎಂದು ನನ್ನನ್ನು ಕೇಳಿದರು.

"ಹೌದಪ್ಪ. ಬೆಳಿಗ್ಗೆಯಿಂದ."

ಅಮ್ಮ ನೀರಿನ ಚೊಂಬು ತೆಗೆದುಕೊಂಡಿದ್ದಳು, ಮುಖಕ್ಕೆ ಚಿಮುಕಿಸಲು. ಅಪ್ಪ ಅದನ್ನು ಇಸಿದುಕೊಂಡು ಕೆಳಗಿಟ್ಟರು.

"ಎಬ್ಬಿಸ್ಬೇಡ."

"ಅವರು ಬಂದು ಕೂತಿದಾರೆ ಕಣ್ರೀ."

"ಕೂತಿರ್ಲಿ. ಬೇಗ ಬಂದವರು ಅವರು."

ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ನಡುಮನೆಗೆ ಹೋದರು. ನಾನು ತಟ್ಟೆ ಹಿಡಿದು ಅವರ ಹಿಂದೆ ಹೋದೆ. ಅಪ್ಪ ಯಾವ ಪೀಠಿಕೆಯೂ ಇಲ್ಲದೆ, "ಮಗಳು ಮಲಗಿದಾಳೆ. ರಾತ್ರಿ ಡ್ಯೂಟಿ ಮಾಡಿ ಬಂದಿದಾಳೆ. ಎದ್ದ ಮೇಲೆ ಬರ್ತಾಳೆ" ಎಂದರು.

ಹುಡುಗನ ತಾಯಿ, ಸೋದರಮಾವ ಮುಖ ಮುಖ ನೋಡಿಕೊಂಡರು. "ಹಗಲು ಹೊತ್ತು ಮಲಗೋ ಅಭ್ಯಾಸಾನಾ?" ಎಂದರು ಸೋದರಮಾವ.

"ಇಲ್ಲ. ಇವತ್ತೇ ಬಂದಿರೋದು ನಿದ್ದೆ. ನಾವೂ ತುಂಬ ದಿನದಿಂದ ಕಾಯ್ತಿದ್ವಿ."

ಸೋದರಮಾವ ಹುಡುಗನ ಗುಣಗಾನ ಶುರುಮಾಡಿದರು. ಹುಡುಗ ಕಾಫಿ ಮುಟ್ಟುವುದಿಲ್ಲ, ಹೊರಗೆ ತಿನ್ನುವುದಿಲ್ಲ, ಆಫೀಸು ಬಿಟ್ಟರೆ ಮನೆ. ತಾತ ಶಾನುಭೋಗರು. ತಾತನ ತಮ್ಮ ಇನ್ನೇನೋ ಆಗಿದ್ದರು. ಮಾತು ಹೊಲ, ತೋಟ, ಬಾವಿಯ ನೀರಿನ ರುಚಿಯ ಕಡೆಗೆಲ್ಲ ಹೋಯಿತು. ಆಗ ಮುಚ್ಚಿದ ಬಾಗಿಲಿನ ಒಳಗಿನಿಂದ ಸ್ಪಷ್ಟವಾದ, ವಿನಯವಾದ, ಕಚೇರಿಯ ದನಿಯೊಂದು ಕೇಳಿಬಂತು:

"ಮೂರು ನಿಮಿಷ ಆಯ್ತು ಸಾರ್. ಮುಂದುವರಿಸ್ತೀರಾ, ಕಟ್ ಮಾಡ್ಲಾ?"

ಸೋದರಮಾವ ನಿಲ್ಲಿಸಿದರು. ಬಾವಿಯ ನೀರು ಅಲ್ಲಿಗೇ ನಿಂತಿತು. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಯಾರು ಒಳಗೆ?" ಎಂದರು ಹುಡುಗನ ತಾಯಿ.

"ನಮ್ಮ ವಿಮಲ. ನಿದ್ದೆಯಲ್ಲಿ ಮಾತಾಡ್ತಿದಾಳೆ" ಎಂದು ಅಪ್ಪ ಹೇಳಿದರು. ಅವರ ದನಿಯಲ್ಲಿ ಸಂಕೋಚ ಇರಲಿಲ್ಲ. ಹಿಂದಿನ ಬೆಂಚಿನ ಹುಡುಗಿ ಕಷ್ಟದ ಲೆಕ್ಕ ಬಿಡಿಸಿದಾಗ ಮೇಷ್ಟ್ರ ಮುಖ ಹೇಗಾಗುತ್ತದೋ ಹಾಗಿತ್ತು ಅವರ ಮುಖ.

ಹುಡುಗ ತಲೆ ತಗ್ಗಿಸಿ ನಕ್ಕ. ಅವನ ಬಗ್ಗೆ ನನಗೆ ಉಳಿದಿರುವುದು ಅದೊಂದೇ ನೆನಪು, ಒಳ್ಳೆಯ ನೆನಪು. ಅವರು ಪಾಯಸ ಕುಡಿದರು. ರಾಹುಕಾಲ ಹತ್ತಿರ ಬರುವ ತನಕ ಕಾದರು. ಒಳಗಿನಿಂದ ಇನ್ನೊಮ್ಮೆ "ಹಲೋ ಹುಬ್ಳಿ" ಎಂಬ ದನಿ ಬಂದಾಗ ಎದ್ದು ಚಪ್ಪಲಿ ಮೆಟ್ಟಿದರು. ಹುಡುಗಿಗೆ ನಿದ್ದೆಯಲ್ಲಿ ಮಾತಾಡುವ ಚಾಳಿ ಇದೆ, ಸರಿಹೋಗುವುದಿಲ್ಲ ಎಂದು ಆಮೇಲೆ ಹೇಳಿಕಳಿಸಿದರು.

ದೀಪ ಹಚ್ಚುವ ಹೊತ್ತಿಗೆ ಅಕ್ಕ ಎದ್ದು ಬಂದಳು. ಕೂದಲು ಒಂದು ಕಡೆ ಚಪ್ಪಟೆಯಾಗಿ ಅಂಟಿತ್ತು. ಕೆನ್ನೆಯ ಮೇಲೆ ದಿಂಬಿನ ಗುರುತು. ನಡುಮನೆಯಲ್ಲಿ ಕೂತಿದ್ದ ನಮ್ಮನ್ನೆಲ್ಲ ನೋಡಿ, "ಅವರು ಬರೋ ಹೊತ್ತಾಯ್ತಾ? ಯಾವ ಸೀರೆ ಉಡ್ಲಿ?" ಎಂದಳು.

ಮೊದಲು ನಕ್ಕವಳು ಅಜ್ಜಿ. ಅಮ್ಮ ಮಾತ್ರ, "ಇವತ್ತೇ ಬರ್ಬೇಕಿತ್ತಾ ನಿನಗೆ ಆ ಹಾಳು ನಿದ್ದೆ?" ಎಂದು ಒಳಗೆ ಹೋಗಿ ಪಾತ್ರೆ ಸದ್ದು ಮಾಡತೊಡಗಿದಳು.

"ಬಂದು ಹೋದ್ರು" ಎಂದರು ಅಪ್ಪ.

ಅಕ್ಕ ನಿಂತಲ್ಲೇ ನಿಂತಳು. "ನನ್ನನ್ನ ಯಾಕೆ ಎಬ್ಬಿಸ್ಲಿಲ್ಲ ಮತ್ತೆ?"

"ನಿದ್ದೆ ಬಂದ್ರೆ ಕೆಲಸ ಇರ್ಲಿ ಅಂತ ತಾನೆ ನಾನು ಹೇಳಿದ್ದು? ಬಂದ ನಿದ್ದೆ ನಾನೇ ಕೆಡಿಸಿದ್ರೆ ಮಾತು ಬದಲಾಯಿಸಿದ ಹಾಗಾಗ್ತಿತ್ತು." ಇಷ್ಟು ಹೇಳಿ ಅವರು ಸಂಜೆಯ ತಿರುಗಾಟಕ್ಕೆ ಹೊರಟರು. ಅಕ್ಕ ಗೇಟಿನ ತನಕ ಅವರ ಹಿಂದೆಯೇ ಹೋದಳು.

ಅವಳನ್ನು ಮಲಗಿಸಿದ್ದು ಯಾವುದು ಎನ್ನುವ ಚರ್ಚೆ ನಮ್ಮ ಮನೆಯಲ್ಲಿ ಬಹಳ ದಿನ ನಡೆಯಿತು. ಅಜ್ಜಿ ಜಾಯಿಕಾಯಿ ಎಂದಳು. ಗಂಗಕ್ಕ ಎಮ್ಮೆ ಎಂದರು. ಅಮ್ಮ ಎಷ್ಟೋ ದಿನ ಪಾಯಸದ ವಿಷಯ ಬಾಯಿ ಬಿಡಲಿಲ್ಲ; ಬಿಟ್ಟ ಮೇಲೆ ಅಜ್ಜಿ ಅವಳೊಡನೆ ಒಂದು ದಿನ ಪೂರ್ತಿ ಮಾತಾಡಲಿಲ್ಲ. ವಿಜ್ಞಾನ ಓದಿದವಳು ನೀನು ಹೇಳು ಎಂದು ನನ್ನನ್ನೂ ಕೇಳಿದ್ದಾರೆ. ಎರಡು ಔಷಧಿಗಳನ್ನು ಒಟ್ಟಿಗೆ ಕೊಟ್ಟು, ಜೊತೆಗೆ ಬೀದಿಯ ಸದ್ದನ್ನೂ ನಿಲ್ಲಿಸಿ ಮಾಡಿದ ಪ್ರಯೋಗದಿಂದ ಏನೂ ಸಾಬೀತಾಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಯಾರೂ ಅದನ್ನು ಮೆಚ್ಚಿಲ್ಲ. ಒಂದಂತೂ ನಿಜ, ಆ ಭಾನುವಾರದ ಮೇಲೆ ಅಕ್ಕನಿಗೆ ಹಗಲು ನಿದ್ದೆ ಸುಮಾರಾಗಿ ಹತ್ತತೊಡಗಿತು. ಕಲ್ಲು ಒಡೆಯುತ್ತಿದ್ದರೂ, ಎಮ್ಮೆ ಕೂಗಿದರೂ.

ಅವಳು ಈಗಲೂ ಅದೇ ಇಲಾಖೆಯಲ್ಲಿದ್ದಾಳೆ, ಮೇಲಿನ ಹುದ್ದೆಯಲ್ಲಿ. ಮದುವೆಯಾಗಿ ವಿದ್ಯಾರಣ್ಯಪುರದಲ್ಲಿದ್ದಾಳೆ. ಯಾರನ್ನು, ಹೇಗೆ ಎನ್ನುವುದು ಅವಳೇ ಹೇಳಬೇಕಾದ ಕತೆ.

ಅಂಗಡಿಯವನಿಗೆ ಹೇಳದೆ ಉಳಿಸಿಕೊಂಡದ್ದನ್ನೂ ಹೇಳಿಬಿಡುತ್ತೇನೆ. ಬರುವ ವಾರ ನಮ್ಮ ಮನೆಗೆ ಯಾರೋ ಬರುವವರಿದ್ದಾರೆ, ನನ್ನನ್ನು ನೋಡಲು. ಅವರ ವಿಷಯ ಇಲ್ಲಿ ಬರೆಯುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಅವರಲ್ಲ. ಅಪ್ಪನಿಗೆ ಹೇಳಬೇಕಾಗಿದ್ದ ಒಂದು ಮಾತು. ಹೇಗೆ ಶುರುಮಾಡಬೇಕು, ಅವರು ಏನಾದರೂ ಷರತ್ತು ಹಾಕಿದರೆ ಏನೆನ್ನಬೇಕು ಎಂದು ಅದನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಬರೆಯುತ್ತಿದ್ದೆ. ಯಶವಂತಪುರದಿಂದ ಮನೆಗೆ ಬಂದಾಗ ಅಪ್ಪ ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಈಗ ನಿವೃತ್ತರಾಗಿದ್ದಾರೆ, ಒಂದೇ ಪೇಪರನ್ನು ಎರಡು 'ಪಾಳಿ'ಯಲ್ಲಿ ಓದುತ್ತಾರೆ. ಚಪ್ಪಲಿ ಕೂಡ ಬಿಡದೆ, ನಿಂತುಕೊಂಡೇ ಹೇಳಿದೆ.

"ಅಪ್ಪ, ಯಾರು ಬಂದು ಏನೇ ಹೇಳ್ಲಿ, ನಾನು ಕೆಲಸ ಬಿಡಲ್ಲ."

ಅಪ್ಪ ಪೇಪರ್ ಕೆಳಗಿಳಿಸಲಿಲ್ಲ. "ಅದನ್ನ ಹೊಸದಾಗಿ ಕೇಳ್ಬೇಕೇನೇ? ನಿಮ್ಮಕ್ಕ ಅವತ್ತೇ ತೀರ್ಮಾನ ಮಾಡಿದಾಳಲ್ಲ, ಮಲಗಿಕೊಂಡೇ" ಎಂದು ಪುಟ ತಿರುಗಿಸಿದರು.

ನಾನು ಸಿದ್ಧಮಾಡಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಳಕೆಗೆ ಬರಲಿಲ್ಲ. ಊಟವಾದ ಮೇಲೆ ಪುಸ್ತಕ ಹಿಡಿದು ಹಾಸಿಗೆಗೆ ಹೋದವಳಿಗೆ ಎಷ್ಟನೇ ಪುಟದವರೆಗೆ ಓದಿದೆ ಎನ್ನುವುದು ನೆನಪಿಲ್ಲ. ದೀಪ ಆರಿಸಿದ್ದು ಅಮ್ಮನಂತೆ.